ಹೆಸರಿನಿಂದ ಹುಟ್ಟುವ ವಸ್ತು

ಮಿರಜದ ವಾದ್ಯಕಾರರಲ್ಲಿಗೆ ಹೋದ ಗಿರಾಕಿಯು "ತಂಬೂರಿ" ಎಂದೊಡನೆ ಕುಶಲಕರ್ಮಿಯು ಅದಕ್ಕೊಪ್ಪುವ ಸೋರೆಬುರುಡೆಯನ್ನೂ ಮರವನ್ನೂ ಆಯ್ದುಕೊಳ್ಳುತ್ತಾನೆ. "ಸಿತಾರ" ಎಂದರೆ ಮಾದರಿಯೇ ಬೇರೆ. 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಎರಡು ವಾದ್ಯಗಳನ್ನು ಮಾರುವ ಜಾಲತಾಣವೊಂದನ್ನು ನಮ್ಮ ಮಕ್ಕಳು ಕಟ್ಟುತ್ತಿರುವರೆಂದು ಭಾವಿಸೋಣ.

ಪ್ರೋಗ್ರಾಮಿನಲ್ಲಿ ಮಾದರಿಗೆ ಕ್ಲಾಸ್ ಎಂದೂ, ಆ ಮಾದರಿಯಂತೆ ಸಿದ್ಧವಾದ ವಸ್ತುವಿಗೆ ಆಬ್ಜೆಕ್ಟ್ ಎಂದೂ ಹೆಸರು. ಶಾಲೆಯ ಕ್ಲಾಸಿಗೂ ಇದಕ್ಕೂ ನಂಟಿಲ್ಲ. ಸಾಮಾನ್ಯವಾಗಿ ಯಾವ ಕ್ಲಾಸಿನ ವಸ್ತು ಬೇಕೆಂಬುದನ್ನು ಪ್ರೋಗ್ರಾಮು ಬರೆಯುವಾಗಲೇ ನಮೂದಿಸುತ್ತೇವೆ. ಪಿಎಚ್‌ಪಿ ಭಾಷೆಯಲ್ಲಿ ಇನ್ನೊಂದು ದಾರಿಯುಂಟು. ಕ್ಲಾಸಿನ ಹೆಸರನ್ನು ಒಂದು ವೇರಿಯೇಬಲ್‌ನಲ್ಲಿರಿಸಿ, "ನ್ಯೂ" ಎಂಬ ಪದದ ಮುಂದೆ ಆ ವೇರಿಯೇಬಲನ್ನು ಬರೆದರೆ, ಪ್ರೋಗ್ರಾಮು ನಡೆಯುವ ಹೊತ್ತಿಗೆ ಅದರಲ್ಲಿ ಯಾವ ಹೆಸರಿದೆಯೋ ಆ ವಸ್ತು ಹುಟ್ಟುತ್ತದೆ. ಹತ್ತು ವಾದ್ಯಗಳಿಗೆ ಹತ್ತು ಷರತ್ತುಗಳನ್ನು ಬರೆಯುವ ಶ್ರಮ ತಪ್ಪುತ್ತದೆ.

ಆದರೆ ಆ ಹೆಸರನ್ನು ಕಳುಹಿಸುವವನು ಪುಟ ತೆರೆದ ಅಪರಿಚಿತನಾದರೆ? ಅವನು "ತಂಬೂರಿ" ಎನ್ನದೆ, ಕಡತಗಳನ್ನು ಅಳಿಸುವ ಯಾವುದೋ ಒಳಗಿನ ಕ್ಲಾಸನ್ನು ಹೆಸರಿಸಬಹುದು. ವಸ್ತು ಹುಟ್ಟುವ ಕ್ಷಣದಲ್ಲಿಯೇ ಆ ಕ್ಲಾಸಿನ ಆರಂಭದ ಆಜ್ಞೆಗಳು ನಡೆದುಹೋಗುತ್ತವೆ. ಆದುದರಿಂದ ನಡುವೆ ಒಂದು ಪಟ್ಟಿ ಇರಲೇಬೇಕು: ಎಡಕ್ಕೆ ಗಿರಾಕಿ ಬರೆಯಬಹುದಾದ ಹೆಸರು, ಬಲಕ್ಕೆ ನಾವು ಒಪ್ಪಿದ ಕ್ಲಾಸು. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಯಾವ ವಸ್ತುವೂ ಹುಟ್ಟಬಾರದು. ಇದನ್ನು ಆಮೇಲೆ ಸೇರಿಸಿದರಾಯಿತೆಂದು ಮುಂದೂಡುವ ಅಭ್ಯಾಸ ನನಗೆ ಸರಿದೋರದು.

ಇನ್ನು ಕನ್ನಡದ ಮಾತು. ಪಿಎಚ್‌ಪಿಯಲ್ಲಿಯೂ ಜಾವಾಸ್ಕ್ರಿಪ್ಟಿನಲ್ಲಿಯೂ ಕ್ಲಾಸಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ಇಂಗ್ಲಿಷು ಬಾರದೆ ಪ್ರೋಗ್ರಾಮು ಬರೆಯಲಾಗದೆಂದು ಅಂಜುವ ಪಾಲಕರು ಇದನ್ನು ಗಮನಿಸಬೇಕು. ತೊಡಕಿಲ್ಲವೆಂದಲ್ಲ. "ವೀಣೆ" ಎಂಬುದನ್ನೇ ನೋಡಿರಿ. ಯೂನಿಕೋಡಿನಲ್ಲಿ "ವೀ" ಅಕ್ಷರದ ಸ್ವರವನ್ನು ಒಂದೇ ಸಂಕೇತದಿಂದ ಬರೆಯಬಹುದು. ಗುಡಿಸು ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಿಂದಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯಂತ್ರವಾದರೋ ಸಂಕೇತಗಳನ್ನು ಎಣಿಸಿ, ಅಂಥ ಕ್ಲಾಸೇ ಇಲ್ಲವೆನ್ನುತ್ತದೆ. ಕಾಗುಣಿತ ತಪ್ಪದ ಮಗು ತನ್ನ ತಪ್ಪನ್ನು ಹುಡುಕುತ್ತ ಕೂರುತ್ತದೆ. ಯೂನಿಕೋಡಿನ "ನಾರ್ಮಲೈಸ್" ಕ್ರಿಯೆಯಿಂದ ಎರಡೂ ಬದಿಯ ಹೆಸರುಗಳನ್ನು ಒಂದೇ ರೂಪಕ್ಕೆ ತಂದು ಹೋಲಿಸಿದರೆ ಈ ತೊಡಕು ನೀಗುತ್ತದೆ. ಮೇಲೆ ಹೇಳಿದ ಪಟ್ಟಿ ಇಲ್ಲಿಯೂ ನೆರವಾಗುತ್ತದೆ. ನಮ್ಮ ಸಾಂಗಲಿ ಸೀಮೆಯಲ್ಲಿ ಒಬ್ಬರು "ತಂಬೂರಿ" ಎಂದು ಬರೆದರೆ ಇನ್ನೊಬ್ಬರು ಮರಾಠಿಯಂತೆ "ತಂಬೋರಾ" ಎನ್ನುವರು; ಎಡಬದಿಯಲ್ಲಿ ಎರಡನ್ನೂ ಬರೆದು, ಬಲಬದಿಯಲ್ಲಿ ಒಂದೇ ಕ್ಲಾಸನ್ನಿರಿಸಿದರೆ ಸಾಕು.