ಅಮ್ಮನ ಸಕ್ಕರೆ, ನನ್ನ ಕೆಂಪು ಶಾಯಿ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಅವನ ತಂದೆಗೆ ಎಪ್ಪತ್ತೆಂಟು ವರ್ಷ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ರಕ್ತಪರೀಕ್ಷೆ ಮಾಡಿಸಿದಾಗ ಮಧುಮೇಹ ಇರುವುದು ತಿಳಿದುಬಂದಿದೆ. "ಸರ್, ಅಪ್ಪ ನನ್ನ ಮಾತು ಕೇಳುವುದಿಲ್ಲ. ಬಾಳೆಹಣ್ಣು ಬಚ್ಚಿಟ್ಟರೂ ಹುಡುಕಿ ತಿನ್ನುತ್ತಾರೆ. ನೀವಾದರೂ ಬುದ್ಧಿ ಹೇಳಿ" ಎಂದ. ಬುದ್ಧಿ ಹೇಳಬೇಕಾದದ್ದು ಅವನ ತಂದೆಗಲ್ಲ, ಅವನಿಗೇ ಎಂದು ನನಗನ್ನಿಸಿತು. ದೂರವಾಣಿಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವ ಇನ್ನೂ ಕೆಲವರು ನಿಮ್ಮಲ್ಲಿ ಇರಬಹುದು.

ನನ್ನ ತಾಯಿಗೆ ಈ ಕಾಯಿಲೆ ಗೊತ್ತಾದದ್ದು 2009ರಲ್ಲಿ. ಆಗ ಅವಳಿಗೆ ಎಪ್ಪತ್ತೊಂಬತ್ತು. ಕಾಲಿನ ಗಾಯ ತಿಂಗಳಾದರೂ ಮಾಯಲಿಲ್ಲವೆಂದು ಪರೀಕ್ಷೆ ಮಾಡಿಸಿದೆವು. ಬರಿಹೊಟ್ಟೆಯಲ್ಲಿ 126ನ್ನು ಮುಟ್ಟಿದರೇ ಮಧುಮೇಹವೆನ್ನುತ್ತಾರೆ; ಅವಳದು 190 ದಾಟಿತ್ತು. ಮನೆಗೆ ಬಂದ ಮೇಲೆ ಅಮ್ಮ ಮೆಲ್ಲಗೆ ಕೇಳಿದ್ದು ಒಂದೇ ಮಾತು: "ನಾನೇನು ಅಷ್ಟೊಂದು ಸಕ್ಕರೆ ತಿಂದವಳೇನೋ?"

ಕನ್ನಡ ಮೇಷ್ಟರಾದ ನನಗೆ ಆ ಪ್ರಶ್ನೆ ಇಂದಿಗೂ ಕಾಡುತ್ತದೆ. 'ಸಕ್ಕರೆ ಕಾಯಿಲೆ' ಎಂಬ ಹೆಸರಿನಲ್ಲೇ ಒಂದು ಆಪಾದನೆ ಅಡಗಿದೆ, ಕದ್ದು ಸಿಹಿ ತಿಂದವರಿಗೆ ಬಂದ ಶಿಕ್ಷೆ ಎಂಬಂತೆ. ಚರಕ ಸಂಹಿತೆಯಲ್ಲಿ ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸಿ, ಅವುಗಳಲ್ಲೊಂದಕ್ಕೆ ಮಧುಮೇಹವೆಂಬ ಹೆಸರಿಟ್ಟಿದ್ದಾರೆ. ಆ ಹೆಸರು ಲಕ್ಷಣವನ್ನು ಹೇಳುತ್ತದೆಯೇ ಹೊರತು ತಪ್ಪು ಯಾರದೆಂದು ಹೇಳುವುದಿಲ್ಲ. ವಯಸ್ಸು, ವಂಶ, ದೇಹದ ತೂಕ ಇವೆಲ್ಲ ಸೇರಿ ಬರುವ ಕಾಯಿಲೆಯಿದು. ಆದರೆ ಅಂದು ಇದನ್ನು ಅಮ್ಮನಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ.

ನಾನು ಮಾಡಿದ್ದು ಮೇಷ್ಟರ ಕೆಲಸ. ಇನ್ನೂರು ಪುಟದ ನೋಟುಪುಸ್ತಕ ತಂದು ಗೆರೆ ಹಾಕಿದೆ. ದಿನಾಂಕ, ಊಟಕ್ಕೆ ಮೊದಲು, ಊಟವಾದ ಮೇಲೆ, ತಿಂದದ್ದೇನು, ಷರಾ. ಅಂಕಿ ಹೆಚ್ಚಾದ ದಿನ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಮನೆಯಲ್ಲಿದ್ದ ಸಕ್ಕರೆ, ಬೆಲ್ಲ, ಹಣ್ಣು ಎಲ್ಲವನ್ನೂ ಸಾಗಿಸಿದ್ದಾಯಿತು. ಅನ್ನದ ಬದಲು ಮೂರು ಹೊತ್ತೂ ರಾಗಿ. (ರಾಗಿಯನ್ನು ಎಷ್ಟಾದರೂ ತಿನ್ನಬಹುದೆಂಬುದು ನಮ್ಮ ಸೀಮೆಯ ಭ್ರಮೆ. ನಾರಿನಂಶ ಹೆಚ್ಚಿರುವುದು ನಿಜ, ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿಯೂ 70 ಗ್ರಾಂನ ಆಸುಪಾಸು ಪಿಷ್ಟವೇ ಇರುತ್ತದೆ. ಬೆಲ್ಲ ತಿಂದರೆ ಏನೂ ಆಗದೆಂಬುದು ಇನ್ನೊಂದು ಭ್ರಮೆ.) ಕೆಂಪು ಅಂಕಿ ಬಂದ ದಿನ ಅಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ಐವತ್ತೈದು ವರ್ಷದ ಮಗನ ಮುಂದೆ ಎಂಬತ್ತರ ತಾಯಿ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಅದನ್ನು ನಾನು ವಿಧೇಯತೆಯೆಂದು ತಿಳಿದಿದ್ದೆ.

ಮರುವರ್ಷ ಒಂದು ಏಕಾದಶಿಯ ದಿನ. ಅಮ್ಮ ಐವತ್ತು ವರ್ಷಗಳಿಂದ ಬಿಡದೆ ನಡೆಸಿಕೊಂಡು ಬಂದ ಉಪವಾಸವದು. ಹೇಳಿದರೆ ನಾನು ಗದರಿಸುತ್ತೇನೆಂದು ನನಗೆ ಹೇಳಲಿಲ್ಲ. ಮಾತ್ರೆ ತಪ್ಪಿಸಿದರೂ ಗದರಿಸುತ್ತೇನೆಂದು ಅದನ್ನು ಮಾತ್ರ ತಪ್ಪದೆ ನುಂಗಿದ್ದಾಳೆ. ಮಧ್ಯಾಹ್ನ ಬಚ್ಚಲ ಹೊಸ್ತಿಲಲ್ಲಿ ಬಿದ್ದಳು. ಹೋಗಿ ನೋಡಿದರೆ ಮೈಯೆಲ್ಲ ಬೆವರು, ನಾಲಗೆ ತೊದಲು, ನನ್ನನ್ನು ಎಂದೋ ತೀರಿಹೋದ ಅವಳ ಅಣ್ಣನ ಹೆಸರಿನಿಂದ ಕರೆಯುತ್ತಿದ್ದಾಳೆ. ಪಾರ್ಶ್ವವಾಯು ಎಂದುಕೊಂಡೆ. ನನ್ನ ಹೆಂಡತಿಗೆ ಬುದ್ಧಿ ಹೊಳೆದು ಬೆರಳು ಚುಚ್ಚಿ ನೋಡಿದಳು. 46. ಸಕ್ಕರೆ ತಾ ಎಂದರೆ ಮನೆಯಲ್ಲಿ ಸಕ್ಕರೆ ಎಲ್ಲಿದೆ? ನಾನೇ ಇಲ್ಲದಂತೆ ಮಾಡಿದ್ದೆನಲ್ಲ. ಕಡೆಗೆ ದೇವರ ಕೋಣೆಯಲ್ಲಿ ನೈವೇದ್ಯದ ಕಲ್ಲುಸಕ್ಕರೆ ಸಿಕ್ಕಿತು. ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿದೆವು. ಕಾಲು ಗಂಟೆಯಾದ ಮೇಲೆ ನನ್ನನ್ನು ನನ್ನ ಹೆಸರಿನಿಂದ ಕರೆದಳು. ಮಣಿಕಟ್ಟಿನ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ರಾತ್ರಿಯಿಡೀ ಇರಿಸಿಕೊಂಡರು. ಅವಳು ನುಂಗುತ್ತಿದ್ದುದು ಗ್ಲಿಬೆನ್‌ಕ್ಲಮೈಡ್. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹಿಂಡಿ ತೆಗೆಯುವ ಜಾತಿಯ ಮಾತ್ರೆ, ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ನೋಡುವುದಿಲ್ಲ. ಅದರ ಪ್ರಭಾವ ಬಹುಹೊತ್ತು ಉಳಿಯುವುದರಿಂದ ಸಕ್ಕರೆಯ ಅಂಶ ಒಮ್ಮೆ ಏರಿದರೂ ಮತ್ತೆ ಕುಸಿಯಬಹುದಂತೆ. ವೃದ್ಧರಿಗೆ ಆ ಮಾತ್ರೆ ಬೇಡವೆಂದೇ ಇಂದಿನ ವೈದ್ಯಕೀಯ ಸಲಹೆ. ಅಲ್ಲಿನ ಹಿರಿಯ ವೈದ್ಯರು ನನ್ನ ನೋಟುಪುಸ್ತಕವನ್ನು ತಿರುವಿ ಹಾಕಿ, "ಇದು ನಲವತ್ತರ ಪ್ರಾಯದವರಿಗೆ ಹಾಕುವ ಕಟ್ಟಳೆ, ಮೇಷ್ಟ್ರೇ" ಎಂದರು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ಕಿರಿಯರಿಗೆ 7ರೊಳಗೆ ಇರಬೇಕೆನ್ನುತ್ತಾರೆ. ಹಲವು ಕಾಯಿಲೆಗಳಿಂದ ಕುಗ್ಗಿದ ವೃದ್ಧರಿಗೆ 8ರೊಳಗಿದ್ದರೆ ಸಾಕೆಂದು ಅಮೆರಿಕದ ಮಧುಮೇಹ ಸಂಘವೇ ಹೇಳುತ್ತದೆ. ಮಿತಿಮೀರಿದ ಸಕ್ಕರೆ ಕಣ್ಣು, ಮೂತ್ರಪಿಂಡ, ನರಗಳನ್ನು ಕೆಡಿಸುವುದು ಬಹುಪಾಲು ವರ್ಷಗಟ್ಟಲೆಯ ಕೆಲಸ. ಕುಸಿದ ಸಕ್ಕರೆಗೆ ಒಂದು ಮಧ್ಯಾಹ್ನ ಸಾಕು. ಹಾಗೆಂದು ಏನಾದರೂ ತಿನ್ನಲಿ ಎಂದು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ.

ಅಂದು ವೈದ್ಯರು ಅಮ್ಮನನ್ನೇ ಮಾತಾಡಿಸಿದರು. ನಾನು ಒಂದು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಅದು. ಅವಳ ಬೇಡಿಕೆಗಳು ಎರಡೇ: ಏಕಾದಶಿ, ಬೆಳಗಿನ ಅರ್ಧ ಲೋಟ ಸಿಹಿ ಕಾಫಿ. ಉಪವಾಸದಿಂದ ಕುಸಿಯುವ ಭಯ ಕಡಿಮೆಯಿರುವ ಮೆಟ್‌ಫಾರ್ಮಿನ್‌ಗೆ ಬದಲಾಯಿಸಿದರು. ಏಕಾದಶಿಗೆ ಹಾಲು ಹಣ್ಣು ತೆಗೆದುಕೊಳ್ಳಬೇಕೆಂದು ಒಪ್ಪಿಸಿದರು. ಕಾಫಿಗೆ ಒಂದೇ ಚಮಚ. ಅಮ್ಮ ಆ ಒಪ್ಪಂದವನ್ನು 2017ರಲ್ಲಿ ತೀರಿಕೊಳ್ಳುವವರೆಗೂ ಮುರಿಯಲಿಲ್ಲ. ನೋಟುಪುಸ್ತಕವನ್ನು ಆಮೇಲೆ ಅವಳೇ ಇಟ್ಟುಕೊಂಡಳು, ನೀಲಿ ಶಾಯಿಯಲ್ಲಿ. ನನಗೆ ಉಳಿದದ್ದು ಪ್ರತಿರಾತ್ರಿ ಅವಳ ಅಂಗಾಲು ನೋಡುವ ಕೆಲಸ. ಸ್ಪರ್ಶ ಮಂದವಾದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲು ಸುಟ್ಟರೂ ತಿಳಿಯುವುದಿಲ್ಲ. ದೀಪ ಹಿಡಿದು ಬೆರಳುಗಳ ಸಂದು ನೋಡುವಾಗ ಅವಳು ನನ್ನ ಬಾಲ್ಯದ ಕಥೆ ಹೇಳುತ್ತಿದ್ದಳು. ಸಕ್ಕರೆಯ ಮಾತೇ ಬರುತ್ತಿರಲಿಲ್ಲ.

ಆ ಹುಡುಗನಿಗೆ (ಅವನಿಗೂ ಈಗ ಐವತ್ತಾಯಿತು) ಹೇಳುವುದು ಇಷ್ಟೇ. ಮುಂದಿನ ಸಲ ವೈದ್ಯರ ಬಳಿಗೆ ಹೋದಾಗ ಮುಂದಿನ ಕುರ್ಚಿಯಲ್ಲಿ ನಿನ್ನ ತಂದೆಯನ್ನು ಕೂರಿಸಿ ನೀನು ಹಿಂದೆ ನಿಲ್ಲು. ಕೊಟ್ಟಿರುವ ಮಾತ್ರೆ ಯಾವ ಜಾತಿಯದು, ಊಟ ತಪ್ಪಿದ ದಿನ ಅದನ್ನೇನು ಮಾಡಬೇಕು ಎಂದು ವೈದ್ಯರನ್ನೇ ಕೇಳು. ಮನೆಯಲ್ಲಿ ಎಲ್ಲರಿಗೂ ತಿಳಿದಿರುವ ಒಂದು ಜಾಗದಲ್ಲಿ ಸ್ವಲ್ಪ ಸಕ್ಕರೆ ಇಟ್ಟಿರು. ಬಾಳೆಹಣ್ಣಿನ ವಿಷಯವನ್ನು ತಂದೆಯವರೇ ವೈದ್ಯರೊಡನೆ ತೀರ್ಮಾನಿಸಿಕೊಳ್ಳಲಿ.