ಕೂಡಿಸಿದ ಕೋವಿಯೂ ಕೈಬಿಟ್ಟ ಸರ್ಕಾರವೂ

ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಮಲೆನಾಡಿನ ಊರೂರಲ್ಲಿ ಒಂದೇ ಮಾತು: ಹಂದಿ. ಒಂದು ಹಿಂಡು ಒಂದು ರಾತ್ರಿ ಗದ್ದೆಗೆ ಇಳಿದರೆ ಸಾಕು, ಇಡೀ ಮಳೆಗಾಲದ ದುಡಿಮೆ ಕೆಸರಿನಲ್ಲಿ ಮಲಗುತ್ತದೆ. ಈ ಸಂಕಟದ ಬೆನ್ನಿಗೇ ಇನ್ನೊಂದು ಮಾತೂ ಹುಟ್ಟಿಕೊಂಡಿದೆ. ಪರವಾನಗಿಗೆ ಕಚೇರಿ ಅಲೆದು, ಹೊಸ ಕೋವಿಗೆ ಹಣ ಸುರಿಯುವುದೇಕೆ? ನಳಿಗೆಯನ್ನು ಒಂದು ಕಡೆಯಿಂದ, ಕುದುರೆಯನ್ನು ಇನ್ನೊಂದು ಕಡೆಯಿಂದ ತಂದು, ಹಿಡಿಯನ್ನು ಊರ ಬಡಗಿಯಿಂದ ಕೆತ್ತಿಸಿಕೊಂಡರೆ ಆಗದೆ? ಅಮೆರಿಕದ ಹುಡುಗರು ಮನೆಯ ಮೇಜಿನ ಮೇಲೆಯೇ ಅಗ್ಗದ ರೈಫಲ್ ಜೋಡಿಸುವುದನ್ನು ಮೊಬೈಲಿನಲ್ಲಿ ಕಂಡ ವಿದ್ಯಾರ್ಥಿಗಳು ಈ ಮಾತಿಗೆ ಶಾಸ್ತ್ರದ ಬಣ್ಣವನ್ನೂ ಹಚ್ಚುತ್ತಿದ್ದಾರೆ.

ಅಲ್ಲಿ ಅದು ಸಾಧ್ಯವಾಗಿರುವುದು ಹುಡುಗರ ಜಾಣ್ಮೆಯಿಂದಲ್ಲ. ಒಂದು ಕೋವಿಯ ಭಾಗ ಇನ್ನೊಂದಕ್ಕೆ ಕೂರುವಂತೆ ಮಾಡಲು ಆ ದೇಶ ಒಂದು ಶತಮಾನವನ್ನೇ ವ್ಯಯಿಸಿತು. 1798ರಲ್ಲಿ ಹತ್ತು ಸಾವಿರ ಬಂದೂಕುಗಳ ಗುತ್ತಿಗೆ ಹಿಡಿದ ಎಲಿ ವಿಟ್ನಿಯ ಭಾಗಗಳು ಕೂಡ ಅರದಿಂದ ಉಜ್ಜದೆ ಒಂದಕ್ಕೊಂದು ಹೊಂದುತ್ತಿರಲಿಲ್ಲವೆಂದು ಇತಿಹಾಸಕಾರರು ತೋರಿಸಿದ್ದಾರೆ. ಹಾರ್ಪರ್ಸ್ ಫೆರಿಯ ಸರ್ಕಾರಿ ಕಾರ್ಖಾನೆಯಲ್ಲಿ ಜಾನ್ ಹಾಲ್ 1820ರ ದಶಕದಲ್ಲಿ ಅದನ್ನು ಸಾಧಿಸಿದನು. ಮರದ ಹಿಡಿಯನ್ನು ಅಚ್ಚಿನಂತೆ ಕಡೆಯುವ ಯಂತ್ರವನ್ನು ಥಾಮಸ್ ಬ್ಲಾಂಚರ್ಡ್ ರೂಪಿಸಿದ್ದೂ ಅದೇ ಕಾಲದಲ್ಲಿ. ತೋಟಾ ಮತ್ತು ನಳಿಗೆಯ ಅಳತೆಗಳಿಗೆ, ಒತ್ತಡದ ಮಿತಿಗಳಿಗೆ ಕಟ್ಟುಪಾಡು ವಿಧಿಸುವ ತಯಾರಕರ ಸಂಸ್ಥೆ 1926ರಲ್ಲಿ ಹುಟ್ಟಿತು. 1962ರಲ್ಲಿ ಬಂದ ರೆಮಿಂಗ್ಟನ್ 700 ಎಂಬ ರೈಫಲ್ಲಿಗೆ ಹತ್ತಾರು ಕಂಪನಿಗಳು ಇಂದು ಹಿಡಿ, ನಳಿಗೆ, ಟ್ರಿಗರುಗಳನ್ನು ಮಾರುತ್ತವೆ. ಇಷ್ಟಾದರೂ ನಳಿಗೆ ಬದಲಿಸಿದವನು ತೋಟಾ ಕೂರುವ ಜಾಗದ ಆಳವನ್ನು ಉಕ್ಕಿನ ಗೇಜಿನಿಂದ ಅಳೆಯದೆ ಗುಂಡು ಹಾರಿಸುವಂತಿಲ್ಲ. ಕೂದಲೆಳೆಯಷ್ಟು ಹೆಚ್ಚಾದರೂ ತೋಟಾದ ಹಿತ್ತಾಳೆ ಸೀಳಿ, ಬಿಸಿ ಅನಿಲ ಹಿಂದಕ್ಕೆ, ಅಂದರೆ ಹಾರಿಸುವವನ ಮುಖಕ್ಕೆ ಬರುತ್ತದೆ.

ಮಲೆನಾಡಿನ ಅಟ್ಟಗಳಲ್ಲಿರುವ ಕೇಪಿನ ಕೋವಿಗಳ ಕತೆಯೇ ಬೇರೆ. ಅವು ಒಬ್ಬೊಬ್ಬ ಕಮ್ಮಾರನ ಕೈಯಲ್ಲಿ ಒಂದೊಂದಾಗಿ ಹುಟ್ಟಿದವು. ಒಂದರ ಕುದುರೆ ಇನ್ನೊಂದರಲ್ಲಿ ಕೂತಂತೆ ಕಂಡರೆ ಅದು ಕಣ್ಣಿನ ಭ್ರಮೆ. ಕರಿಮದ್ದಿಗೆಂದು ಮಾಡಿದ ನಳಿಗೆಗೆ ಹೊಗೆರಹಿತ ಮದ್ದು ತುಂಬಿದರೆ ನಳಿಗೆ ಒಡೆಯುತ್ತದೆ. 65 ಮಿ.ಮೀ. ತೋಟಾಕ್ಕೆಂದು ಕೊರೆದ ಹಳೆಯ 12 ಬೋರಿನ ಕೋವಿಯಲ್ಲಿ 70 ಮಿ.ಮೀ. ತೋಟಾ ಸಲೀಸಾಗಿ ಒಳಹೋಗುತ್ತದೆ. ಆದರೆ ಹಾರುವಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. 20 ಬೋರಿನ ತೋಟಾ ತಪ್ಪಿ 12 ಬೋರಿನೊಳಗೆ ಜಾರಿ ಸಿಕ್ಕಿಕೊಂಡರೆ, ಅದರ ಹಿಂದೆ ಇನ್ನೊಂದನ್ನು ತುಂಬಿ ಹಾರಿಸಿದವನ ಎಡಗೈ ಉಳಿಯುವುದು ಕಷ್ಟ. ಈ ಭೀತಿಯಿಂದಲೇ 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಬಂದಿತು.

ಮೋಟಾರು ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಚದರ ಅಂಗುಲಕ್ಕೆ 30 ಪೌಂಡಿನ ಆಸುಪಾಸು. ಸಾಮಾನ್ಯ 12 ಬೋರಿನ ತೋಟಾಕ್ಕೆ ಅಮೆರಿಕದ ಮಿತಿ 11,500 ಪೌಂಡು. 30-06 ರೈಫಲ್ಲಿಗೆ 60,000 ಪೌಂಡು. ನೀರಿನ ಪೈಪು ಕತ್ತರಿಸಿ ನಳಿಗೆ ಎನ್ನುವವರು ಈ ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಲಿ. ಲಂಡನ್ನಿನಲ್ಲಿ 1637ರಿಂದಲೂ ನಳಿಗೆಗಳನ್ನು ಹೆಚ್ಚಿನ ಮದ್ದಿನಿಂದ ಪರೀಕ್ಷಿಸಿ ಮುದ್ರೆಯೊತ್ತುವ ಪದ್ಧತಿ ನಡೆದುಬಂದಿರುವುದು ಸುಮ್ಮನೆ ಅಲ್ಲ.

ಹಿಡಿಯ ವಿಷಯದಲ್ಲಂತೂ ಅಸಡ್ಡೆ ಮಿತಿಮೀರಿದೆ. ಮರ ತಾನೆ, ಯಾವುದಾದರೇನು ಎಂಬ ಭಾವನೆ. ಮರವು ಉದ್ದಕ್ಕೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಆಷಾಢದ ಗಾಳಿಯಲ್ಲಿ ಅದರ ತೇವ ನೂರಕ್ಕೆ 18-20ರ ಮಟ್ಟಕ್ಕೇರಿ ಬೇಸಿಗೆಯಲ್ಲಿ 12ರ ಸುತ್ತಮುತ್ತ ಇಳಿಯುತ್ತದೆ. ಹಸಿಮರದಿಂದ ಕೆತ್ತಿದ ಹಿಡಿ ಬೇಸಿಗೆಯಲ್ಲಿ ಸಡಿಲಗೊಂಡು ನಳಿಗೆಯನ್ನು ಕುಲುಕಾಡಿಸುತ್ತದೆ. ಮಳೆಗಾಲದಲ್ಲಿ ಊದಿ ನಳಿಗೆಯನ್ನು ಒಂದು ಬದಿಗೆ ಒತ್ತುತ್ತದೆ. ಹಿಡಿಯ ಕುತ್ತಿಗೆಯಲ್ಲಿ ಮರದ ಎಳೆ ನೇರವಾಗಿ ಹಾಯದೆ ಅಡ್ಡಲಾಗಿದ್ದರೆ ನಾಲ್ಕು ಗುಂಡಿಗೆ ಅದು ಸೀಳುತ್ತದೆ. ಅಜ್ಜನ ಉದ್ದ ತೋಳಿಗೆ ಹೊಂದಿದ ಹಿಡಿ ಮೊಮ್ಮಗನ ಹೆಗಲಿಗೆ ಹೊಂದದು. ಟ್ರಿಗರಿನಿಂದ ಹಿಡಿಯ ತುದಿಗೆ ಒಂದಂಗುಲ ಹೆಚ್ಚು ಕಡಿಮೆಯಾದರೂ ಗುರಿ ತಪ್ಪುತ್ತದೆ. ತಪ್ಪಿದ ಗುಂಡು ಹಂದಿಯ ಹೊಟ್ಟೆಗೋ ತೊಡೆಗೋ ಬೀಳುತ್ತದೆ. ಗಾಯಗೊಂಡ ಒಂಟಿಗ ಲಂಟಾನದ ಪೊದೆ ಹೊಕ್ಕರೆ ಮರುದಿನ ಬೆಳಗ್ಗೆ ಸೊಪ್ಪಿಗೆ ಹೋಗುವ ಹೆಂಗಸರ ಗತಿಯೇನು?

ಪ್ರಪಂಚದ ಬಂದೂಕು ತಯಾರಕರು ಅಕ್ರೋಟದ ಮರವನ್ನು ಆರಿಸಿಕೊಂಡದ್ದು ಅದು ಕಡಿಮೆ ಬಾಗುತ್ತದೆ, ಹೊಡೆತ ತಾಳುತ್ತದೆ ಎಂಬ ಕಾರಣಕ್ಕೆ. ಇಲ್ಲಿ ಅದಕ್ಕೆ ಬದಲಾಗಿ ಬೀಟೆಯ ಹೆಸರು ಕೇಳಿಬರುತ್ತದೆ. ಮರ ಒಳ್ಳೆಯದೆಂಬುದು ನಿಜ. ತೂಕ ಮಾತ್ರ ಹೆಚ್ಚು. ಆದರೆ ಕಾಡಿನ ಬೀಟೆ ಯಾರಪ್ಪನ ಸೊತ್ತು? ಬೀಟೆ ಸೇರಿದ ಡಾಲ್ಬೆರ್ಜಿಯ ಕುಲವಿಡೀ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಯಲ್ಲಿದೆ. ಒಂದು ಮೊಳ ಹಿಡಿಗೆಂದು ನೂರು ವರ್ಷದ ಮರಕ್ಕೆ ಕೊಡಲಿ ಹಾಕುವವನು ಬೆಳೆ ರಕ್ಷಕನೆಂದು ಕರೆದುಕೊಳ್ಳುವುದು ಹಾಸ್ಯಾಸ್ಪದ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿಗೆ ಕೋವಿಯ ಬಿಡಿಭಾಗವೂ ಕೋವಿಯೇ. ತಯಾರಿಕೆಗಷ್ಟೇ ಅಲ್ಲ, ದುರಸ್ತಿಗೂ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷ ಸೆರೆ, ಗರಿಷ್ಠ ಜೀವಾವಧಿ. ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೊಡವ ಜನಾಂಗಕ್ಕೂ ಇರುವ ವಿನಾಯಿತಿ, 2029ರವರೆಗೆ ವಿಸ್ತರಿಸಲ್ಪಟ್ಟದ್ದು, ಕೋವಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ. ಕಾಡುಹಂದಿಯಾದರೋ 2022ರ ತಿದ್ದುಪಡಿಯಂತೆ ವನ್ಯಜೀವಿ ಕಾಯ್ದೆಯ ಎರಡನೆಯ ಪರಿಶಿಷ್ಟದಲ್ಲಿದೆ.

ಇಷ್ಟೆಲ್ಲ ಹೇಳಿ ರೈತನನ್ನೇ ಅಪರಾಧಿಯಾಗಿಸಿ ಮನೆಗೆ ಹೋಗುವುದು ಪಟ್ಟಣದ ಪರಿಸರವಾದಿಗಳಿಗೆ ಸುಲಭ. ಗದ್ದೆಯ ಮಾಳದಲ್ಲಿ ಒಂದು ರಾತ್ರಿಯೂ ಕೂರದವರ ಬಾಯಲ್ಲಿ ಸಹಬಾಳ್ವೆಯ ಉಪದೇಶ ಶೋಭಿಸದು. ನಿಜವಾದ ಅಪರಾಧಿ ಬೇರೆ ಇದ್ದಾನೆ. ಅರ್ಜಿ ಕೊಟ್ಟು ವರ್ಷವಾದರೂ ಪರವಾನಗಿ ನವೀಕರಿಸದ ಕಚೇರಿ, ಬೆಳೆನಷ್ಟದ ಪರಿಹಾರಕ್ಕೆ ಹತ್ತು ದಾಖಲೆ ಕೇಳಿ ಬೀಜದ ಖರ್ಚೂ ಹುಟ್ಟದಷ್ಟು ಹಣ ಕೊಡುವ ಇಲಾಖೆ, ಚುನಾವಣೆ ಬಂದೊಡನೆ ಪರವಾನಗಿಯಿರುವ ಕೋವಿಯನ್ನು ಠಾಣೆಯಲ್ಲಿಡಿಸಿಕೊಳ್ಳುವ ಆಡಳಿತ. ಹಂದಿಗೆ ನೀತಿಸಂಹಿತೆ ತಿಳಿಯದು. ಅದೇ ಚುನಾವಣೆಯ ವೇದಿಕೆಯಲ್ಲಿ "ಎಲ್ಲರಿಗೂ ಕೋವಿ" ಎಂದು ಘೋಷಿಸುವ ಮುಖಂಡನು ಸಿಡಿದ ನಳಿಗೆಯ ಆಸ್ಪತ್ರೆಯ ಬಿಲ್ಲನ್ನು ಕಟ್ಟುವುದಿಲ್ಲ. ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿಯನ್ನು ಅಲ್ಲೊಂದು ಇಲ್ಲೊಂದು ಗುಂಡಿನಿಂದ ಹತೋಟಿಗೆ ತರಲಾಗದೆಂಬುದು ಅವನಿಗೂ ಗೊತ್ತು.

ಕೇರಳವು 2022ರಲ್ಲಿ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟು, ಪರವಾನಗಿಯುಳ್ಳ ಗುರಿಕಾರರ ಪಟ್ಟಿ ಮಾಡಿಸಿತು. ಅದರಲ್ಲಿ ಕುಂದುಗಳಿರಬಹುದು, ಆದರೂ ಹೊಣೆಯನ್ನು ಒಂಟಿ ರೈತನ ತಲೆಗೆ ಕಟ್ಟಲಿಲ್ಲ. ಕರ್ನಾಟಕದ ಮಲೆನಾಡಿನವರು ಕೇಳಬೇಕಾದದ್ದೂ ಇಂಥದನ್ನೇ: ಮಳೆಗಾಲಕ್ಕೆ ಮುಂಚೆ ತಾಲ್ಲೂಕು ಕೇಂದ್ರದಲ್ಲಿ, ಪರವಾನಗಿಯುಳ್ಳ ದುರಸ್ತಿಗಾರನಿಂದ ಹಳೆಯ ಬೆಳೆರಕ್ಷಣೆ ಕೋವಿಗಳ ಉಚಿತ ತಪಾಸಣೆ, ತಪಾಸಣೆಯಲ್ಲಿ ಸೋತ ಕೋವಿಗೆ ದಂಡವಿಲ್ಲದೆ ಬದಲಿ, ಒಂದೊಂದು ಗದ್ದೆಗಲ್ಲದೆ ಇಡೀ ಬಯಲಿಗೆ ಸೌರ ಬೇಲಿ, ಅದರ ಬ್ಯಾಟರಿಯನ್ನೂ ಬೇಲಿಗೆ ತಾಗುವ ಬಳ್ಳಿಯನ್ನೂ ನೋಡಿಕೊಳ್ಳುವ ಆಳಿಗೆ ಸಂಬಳ, ಕೊಯ್ಲಿಗೆ ಮುಂಚೆ ಕೈಸೇರುವ ಪರಿಹಾರ. ಮುಂದಿನ ಗ್ರಾಮಸಭೆಯಲ್ಲಿ ಈ ಐದನ್ನೂ ಬಾಯಿಮಾತಿಗೆ ಬಿಡದೆ ನಡಾವಳಿಯಲ್ಲಿ ಬರೆಯಿಸಿ, ಪ್ರತಿಯನ್ನು ಪಡೆದೇ ಏಳಬೇಕು.