ಘಾಜಿ ಹುಡುಕಿದ್ದು ಅಲ್ಲಿಲ್ಲದ ಹಡಗನ್ನು

ಈ ಕಥೆಯಲ್ಲಿ ಕೊನೆಗೆ ಮುಳುಗೋದು ಯಾವುದು ಅಂತ ಮೊದಲೇ ಹೇಳಿಬಿಡ್ತೀನಿ: ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ. ಮುಳುಗಿದ್ದು 1971ರ ಡಿಸೆಂಬರ್ 3-4ರ ನಡುರಾತ್ರಿ, ವಿಶಾಖಪಟ್ಟಣ ಬಂದರಿನ ಹೊರಗೆ. ಇಷ್ಟು ಗೊತ್ತಾದ ಮೇಲೂ ಕಥೆಯ ಬಿಗಿ ಸಡಿಲ ಆಗಲ್ಲ. ಬೇಕಾದ್ರೆ ಓದಿ ನೋಡಿ.

ಸಮುದ್ರದ ಕಥೆಗೂ ಆಳಂದದವನಿಗೂ ಏನು ಸಂಬಂಧ ಅಂತ ಕೇಳಬಹುದು. ನಮ್ಮ ಕಡೆ ಕಣ್ಣು ಹಾಯಿಸಿದಷ್ಟು ದೂರ ತೊಗರಿ ಹೊಲ. ಆದರೆ ನಮ್ಮ ತಾಲೂಕಿನ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ಗಾಣಗಾಪುರದ ಹತ್ತಿರ ಭೀಮೆಗೆ ಸೇರ್ತದೆ. ಭೀಮಾ ಜೇವರ್ಗಿ ದಾಟಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ನಮ್ಮೂರ ಮಳೆನೀರು ಕೊನೆಗೆ ಹೋಗಿ ಸೇರೋದು ಈ ಕಥೆ ನಡೆದ ಕಡಲಿಗೇ.

1971ರ ನವೆಂಬರ್ 14ರಂದು ಘಾಜಿ ಕರಾಚಿಯಿಂದ ಹೊರಟಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಕಟ್ಟಿದ್ದ ಜಲಾಂತರ್ಗಾಮಿ ಅದು. ಶ್ರೀಲಂಕಾ ಸುತ್ತಿಕೊಂಡು ಬಂಗಾಳ ಕೊಲ್ಲಿ ತನಕ ಹೋಗೋ ತಾಕತ್ತು ಪಾಕಿಸ್ತಾನದ ಜಲಾಂತರ್ಗಾಮಿಗಳಲ್ಲಿ ಇದ್ದದ್ದು ಅದಕ್ಕೊಂದಕ್ಕೇ. ಗುರಿಯೂ ಒಂದೇ: ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್.

ವಿಕ್ರಾಂತ್‌ಗೆ ಆಗ ಮೈ ಸರಿಯಿರಲಿಲ್ಲ. ಬಾಯ್ಲರ್‌ನಲ್ಲಿ ಬಿರುಕು, ಹಾಗಾಗಿ ಪೂರ್ತಿ ವೇಗದಲ್ಲಿ ಓಡುವಂತಿಲ್ಲ. ಓಡಲಾರದವನು ಅಡಗಬೇಕು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅದನ್ನು ಗುಟ್ಟಾಗಿ ಅಂಡಮಾನ್ ಕಡೆ ಕಳಿಸಿದರು. ಆದರೆ ಅಡಗಿಸಿಟ್ಟರೆ ಸಾಲದು, ಹುಡುಕೋನಿಗೆ ಬೇರೆ ಕಡೆ ಏನಾದರೂ ಸಿಗಬೇಕಲ್ಲ?

ಅದಕ್ಕೆ ರಜಪೂತ್ ಅನ್ನೋ ಹಳೇ ಡೆಸ್ಟ್ರಾಯರ್ ನೌಕೆಗೆ ವಿಕ್ರಾಂತ್‌ನ ವೇಷ ಹಾಕಿಸಿದರು. ಬಣ್ಣ ಬಳಿದಲ್ಲ, ರೇಡಿಯೋದಲ್ಲಿ. ದೊಡ್ಡ ನೌಕೆಯೊಂದು ಎಷ್ಟು ಸಂದೇಶ ಕಳಿಸ್ತದೋ ಅಷ್ಟನ್ನೂ ಈ ಚಿಕ್ಕ ಹಡಗಿನಿಂದ ಕಳಿಸಿದರು. ಊರಲ್ಲಿ ದೊಡ್ಡ ಪ್ರಮಾಣದಲ್ಲಿ ದಿನಸಿ, ತರಕಾರಿಗೆ ಆರ್ಡರ್ ಕೊಟ್ಟರು, ಬೇಹುಗಾರರ ಕಿವಿಗೆ ಬೀಳಲಿ ಅಂತ. ನಾವಿಕನೊಬ್ಬ ತಾಯಿಯ ಆರೋಗ್ಯ ವಿಚಾರಿಸೋ ಖಾಸಗಿ ಸಂದೇಶವೂ ವಿಕ್ರಾಂತ್‌ನಿಂದಲೇ ಹೋಯಿತು ಅನ್ನೋ ಹಾಗೆ ಗಾಳಿಯಲ್ಲಿ ಹಾರಿತು. ಇದನ್ನೆಲ್ಲ ಕೃಷ್ಣನ್ ಅವರೇ ಮುಂದೆ ಬರೆದಿದ್ದಾರೆ.

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಇದಕ್ಕೆ ಹನಿಪಾಟ್ ಅಂತಾರೆ. ಕಳ್ಳ ಬರಲಿ ಅಂತ ಬೇಕಂತಲೇ ತೆರೆದಿಟ್ಟ ಸುಳ್ಳು ಸರ್ವರ್. ಅದು ನಿಜ ಅನಿಸಬೇಕಾದ್ರೆ ಒಳಗೆ ಗುಟ್ಟಿನ ಫೈಲು ಇದ್ದರೆ ಸಾಲದು, ದಿನನಿತ್ಯದ ಕಸವೂ ಇರಬೇಕು. ಆ ತಾಯಿಯ ಸಂದೇಶ ಅಂಥದ್ದು. ಯುದ್ಧದ ಗುಟ್ಟನ್ನಾದರೆ ಶತ್ರು ಅನುಮಾನಿಸಬಹುದು. "ಅವ್ವ ಹ್ಯಾಂಗದಾಳ?" ಅನ್ನೋದನ್ನ ಯಾರು ಅನುಮಾನಿಸ್ತಾರೆ?

ಈಗ ಘಾಜಿಯ ಒಳಗೆ ಇಳಿದು ಯೋಚನೆ ಮಾಡಿ. ನೀರೊಳಗೆ ಕಿಟಕಿ ಇಲ್ಲ. ಓಡೋದು ಬ್ಯಾಟರಿ ಮೇಲೆ. ಚಾರ್ಜ್ ಮಾಡಲು ಡೀಸೆಲ್ ಎಂಜಿನ್ ಶುರು ಮಾಡಬೇಕು, ಅದಕ್ಕೆ ಗಾಳಿ ಬೇಕು, ಗಾಳಿಗೆ ಮೇಲ್ಮೈ ಹತ್ತಿರ ಬರಲೇಬೇಕು. ಬಂದರೆ ಕಾಣ್ತೀರಿ, ಬಾರದಿದ್ದರೆ ಕುರುಡು. ಹುಡುಕ್ತಿರೋ ಹಡಗು ಮಾತ್ರ ಇಲ್ಲೇ ಎಲ್ಲೋ ಇದೆ, ದಿನಾ ಮಾತಾಡ್ತಾ ಇದೆ.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು, ಯುದ್ಧ ಶುರು ಆಯ್ತು. ಆ ರಾತ್ರಿ ರಜಪೂತ್ ಬಂದರಿನಿಂದ ಹೊರಟಾಗ ಕಾವಲಿನವನಿಗೆ ಮುಂದೆ ನೀರು ಕದಡಿದ ಹಾಗೆ ಕಂಡಿತು. ಎರಡು ಡೆಪ್ತ್ ಚಾರ್ಜ್ ಹಾಕಿ ಹಡಗು ಮುಂದೆ ಹೋಯಿತು. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಭಾರೀ ಸ್ಫೋಟದ ಸದ್ದು ದಡದ ತನಕ ಕೇಳಿತು. ಆಮೇಲೆ ಮೀನುಗಾರರಿಗೆ ಅವಶೇಷಗಳು ಸಿಕ್ಕವು. ಒಳಗಿದ್ದ 90ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅತ್ತ ಡಿಸೆಂಬರ್ 4ರಂದು ವಿಕ್ರಾಂತ್‌ನ ವಿಮಾನಗಳು ಕಾಕ್ಸ್ ಬಜಾರ್ ಮೇಲೆ ಹಾರಿದವು.

ಮುಳುಗಿಸಿದ್ದು ರಜಪೂತ್ ಅಂತ ಭಾರತದ ನೌಕಾಪಡೆ ಹೇಳ್ತದೆ. ತನ್ನದೇ ಮೈನ್ ಸಿಡಿದು ಆದ ಅವಘಡ ಅಂತ ಪಾಕಿಸ್ತಾನ ಹೇಳ್ತದೆ. ಎರಡು ಮಾತೂ ಇವತ್ತಿಗೂ ಹಾಗೇ ಇವೆ. 2017ರ ಸಿನಿಮಾ ನೋಡಿದವರಿಗೆ ನೀರೊಳಗೆ ಎರಡು ಜಲಾಂತರ್ಗಾಮಿಗಳು ಕಾದಾಡಿದ್ದು ನೆನಪಿರಬಹುದು. ಅದು ಸಿನಿಮಾದವರು ಕಟ್ಟಿದ್ದು.

ಐದೇ ದಿನಕ್ಕೆ ಆಟ ತಿರುಗಿತು. ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯನ್ನ ಹುಡುಕಲು ಹೋಗಿದ್ದ ನಮ್ಮ ಖುಕ್ರಿ, ಅದೇ ಹಂಗೋರ್‌ನ ಟಾರ್ಪಿಡೋಗೆ ಸಿಕ್ಕು ಕೆಲವೇ ನಿಮಿಷದಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ.

ಜೇವರ್ಗಿಯಲ್ಲಿ ಅಕ್ಕನ ಮಗನಿಗೆ ಒಮ್ಮೆ ಈ ಕಥೆ ಹೇಳಿದ್ದೆ. ಎಂಟನೇ ಕ್ಲಾಸಿನ ಹುಡುಗ. ಘಾಜಿ ಮುಳುಗೋ ತನಕ "ಹೂಂ, ಹೂಂ" ಅಂತ ಕೇಳಿದವನು, ಮುಳುಗಿದ ಮೇಲೆ ಚಪ್ಪಾಳೆ ಹೊಡೀತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಬೇರೆ: "ಮಾಮಾ, ಅವರ ಮನಿಗಿ ಯಾರ್ ಹೇಳಿದ್ರು?"

ಅದಕ್ಕೆ ಸಿಗೋ ಉತ್ತರ ಸಣ್ಣದು. ಜಲಾಂತರ್ಗಾಮಿ ಮುಳುಗಿದರೆ ತನ್ನವರಿಗೆ ಏನೂ ಕೇಳ್ಸಲ್ಲ. ಬರಬೇಕಾದ ಸಂದೇಶ ಬರಲ್ಲ, ಅಷ್ಟೇ. ನಾಳೆ ಬರಬಹುದು ಅಂತ ಕಾಯ್ತಾರೆ. ತಾಯಿಯ ಹೆಸರಲ್ಲಿ ಹೋದ ಆ ಸುಳ್ಳು ಸಂದೇಶವನ್ನ ನಂಬಿದ್ದರೆ, ನಂಬಿದವರಿಗೂ ಮನೆಯಲ್ಲಿ ತಾಯಂದಿರು ಇದ್ದರು. ಈಗ ಕಥೆ ಹೇಳುವಾಗ ಸ್ಫೋಟಕ್ಕೆ ನಿಲ್ಲಿಸದೆ, ಹುಡುಗನ ಪ್ರಶ್ನೆಯನ್ನೂ ಸೇರಿಸಿ ಹೇಳ್ತೀನಿ.

ವಿಶಾಖಪಟ್ಟಣಕ್ಕೆ ಹೋದರೆ ಆರ್.ಕೆ. ಬೀಚ್‌ನಲ್ಲಿ ಕುರ್ಸುರಾ ಜಲಾಂತರ್ಗಾಮಿಯನ್ನ ವಸ್ತುಸಂಗ್ರಹಾಲಯ ಮಾಡಿಟ್ಟಿದ್ದಾರೆ, ಒಳಗೆ ಹೊಕ್ಕು ಬನ್ನಿ. ಮಲಗೋ ಜಾಗ ಎಷ್ಟು ಇಕ್ಕಟ್ಟು ಅಂತ ನೋಡಿ. ಹೊರಗೆ ಬಂದು ಕಡಲ ಕಡೆ ಮುಖ ಮಾಡಿ ನಿಂತರೆ, ಘಾಜಿ ಇನ್ನೂ ಅಲ್ಲೇ ತಳದಲ್ಲಿದೆ.